ನಗುವಿಗೆ ಬಿಟ್ಟ ಜಾಗ

ಹಳಗನ್ನಡದ ಪಾಠ ಹೇಳುವವನಿಗೆ ಲಾರೆಲ್–ಹಾರ್ಡಿಯರ ಗೊಡವೆ ಏಕೆಂದು ಓದುಗರು ಕೇಳಿಯಾರು. ಕೇಳುವುದು ನ್ಯಾಯವೇ, ನನ್ನ ಸಹೋದ್ಯೋಗಿಗಳು ಆಗಲೇ ಕೇಳಿಯಾಗಿದೆ. ಸಂಗತಿ ಇಷ್ಟು. ಅಮೆರಿಕದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ರಜೆಗೆಂದು ಊರಿಗೆ ಬಂದಾಗ ಈ ಜೋಡಿಯ ಚಿತ್ರಗಳ ಡಿವಿಡಿ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಪರೀಕ್ಷೆಯ ಉತ್ತರಪತ್ರಿಕೆಗಳ ಹೊರೆ ಇಳಿದ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಒಬ್ಬನೇ ಕುಳಿತು ‘ದಿ ಮ್ಯೂಸಿಕ್ ಬಾಕ್ಸ್’ ಹಾಕಿದೆ. ಚಿತ್ರವೇನೋ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಹಾರ್ಡಿಯ ಬಟ್ಟೆಯ ನೂಲನ್ನೂ ಎಣಿಸಬಹುದಾಗಿತ್ತು. ಆದರೆ ನನಗೆ ನಗು ಬರಲಿಲ್ಲ.

ಇದೇ ಚಿತ್ರವನ್ನು ನಾನು ಮೊದಲು ನೋಡಿದ್ದು ಪ್ರೈಮರಿ ಶಾಲೆಯ ಹುಡುಗನಾಗಿದ್ದಾಗ, ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ. ಟಿ.ವಿ. ಬಾಡಿಗೆಯದು, ವಿ.ಸಿ.ಆರ್. ಬಾಡಿಗೆಯದು. ರಾತ್ರಿಯ ರಾಜಕುಮಾರ್ ಚಿತ್ರಕ್ಕೆ ಮುಂಚೆ ಮಕ್ಕಳ ಗಲಾಟೆ ಅಡಗಿಸಲೆಂದು ಹಾಕಿದ ಕ್ಯಾಸೆಟ್ಟು ಅದು. ಎಷ್ಟು ಸವೆದಿತ್ತೆಂದರೆ ಪರದೆಯ ತುಂಬ ಬಿಳಿಯ ಗೆರೆಗಳು ಮಳೆಯಂತೆ ಸುರಿಯುತ್ತಿದ್ದುವು. ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ಕೇಳಿದರೂ ಆ ಇಂಗ್ಲಿಷ್ ನಮ್ಮಲ್ಲಿ ಯಾರಿಗೆ ತಿಳಿಯಬೇಕು? ಆದರೂ ಬೀದಿಗೆ ಬೀದಿಯೇ ನಕ್ಕಿತ್ತು. ಕೆಟ್ಟ ಪ್ರತಿ ನಗಿಸಿತು, ಶುದ್ಧ ಪ್ರತಿ ನಗಿಸಲಿಲ್ಲ. ಗ್ರಂಥಸಂಪಾದನೆಯ ಗಾಳಿ ಸೋಕಿದವನಿಗೆ ಇಂಥ ಪ್ರಶ್ನೆ ನಿದ್ದೆ ಕೊಡುವುದಿಲ್ಲ.

ಈ ಇಬ್ಬರ ಪೂರ್ವೋತ್ತರವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸ್ಟಾನ್ ಲಾರೆಲ್ 1890ರಲ್ಲಿ ಇಂಗ್ಲೆಂಡಿನ ಅಲ್ವರ್‌ಸ್ಟನ್ ಎಂಬ ಊರಿನಲ್ಲಿ ಹುಟ್ಟಿದಾತ. ಫ್ರೆಡ್ ಕಾರ್ನೋ ಎಂಬಾತನ ನಾಟಕ ತಂಡದೊಡನೆ 1910ರಲ್ಲಿ ಅಮೆರಿಕಕ್ಕೆ ಹೋದ. ಅದೇ ತಂಡದಲ್ಲಿ ಚಾರ್ಲಿ ಚಾಪ್ಲಿನ್ನನೂ ಇದ್ದ. ಆಲಿವರ್ ಹಾರ್ಡಿ 1892ರಲ್ಲಿ ಜಾರ್ಜಿಯ ಪ್ರಾಂತದಲ್ಲಿ ಹುಟ್ಟಿ, ಅಲ್ಲಿಯ ಸಣ್ಣ ಪಟ್ಟಣವೊಂದರ ಚಿತ್ರಮಂದಿರದಲ್ಲಿ ಕೆಲಸಕ್ಕಿದ್ದು, ಪರದೆಯ ಮೇಲೆ ಕಂಡವರಿಗಿಂತ ತಾನೇನು ಕಡಿಮೆ ಎಂದು ನಟನಾದವನು. ಹಾಲ್ ರೋಚ್‌ನ ಸ್ಟುಡಿಯೋದಲ್ಲಿ 1927ರಲ್ಲಿ ಇವರ ಜೋಡಿ ಕುದುರಿತು. ಮೂಕಿಚಿತ್ರ ಹೋಗಿ ಟಾಕಿ ಬಂದಾಗ ಎಷ್ಟೋ ನಗೆಗಾರರು ಮುಳುಗಿದರು, ಇವರು ಮುಳುಗಲಿಲ್ಲ. ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಪ್ರೇಕ್ಷಕರಿಗಾಗಿ ಅದೇ ಚಿತ್ರವನ್ನು ಮತ್ತೆ ಮತ್ತೆ ನಟಿಸಿ, ಬಾರದ ಭಾಷೆಯ ಮಾತನ್ನು ಕರಿಹಲಗೆಯ ಮೇಲೆ ಉಚ್ಚಾರಣೆಯಂತೆ ಬರೆಸಿಕೊಂಡು ಓದಿದರು. (ಕನ್ನಡದ ಮೇಷ್ಟರಾದ ನಮಗೆ ಇಂಥ ವಿದ್ಯಾರ್ಥಿಗಳ ಪರಿಚಯ ಚೆನ್ನಾಗಿದೆ.)

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಇವರ ಚಿತ್ರಗಳ ಗತಿ ನಿಧಾನ. ಬೇರೆ ನಗೆಚಿತ್ರಗಳಲ್ಲಿ ಒಬ್ಬ ಒದೆ ತಿಂದೊಡನೆ ಓಟ ಶುರುವಾಗುತ್ತದೆ. ಇಲ್ಲಿ ಹಾಗಲ್ಲ, ಒದೆ ತಿಂದವನು ಮೊದಲು ಯೋಚಿಸುತ್ತಾನೆ. 1929ರ ‘ಬಿಗ್ ಬಿಸಿನೆಸ್’ ಚಿತ್ರದಲ್ಲಿ ಇಬ್ಬರೂ ಮನೆಮನೆಗೆ ಕ್ರಿಸ್‌ಮಸ್ ಮರ ಮಾರುತ್ತ ಹೊರಡುತ್ತಾರೆ. ಬೇಡವೆಂದ ಒಬ್ಬ ಗೃಹಸ್ಥನಿಗೂ ಇವರಿಗೂ ಹತ್ತಿಕೊಳ್ಳುತ್ತದೆ. ಅವನು ಇವರ ಕಾರನ್ನು ಮುರಿಯುತ್ತಾನೆ, ಇವರು ಅವನ ಮನೆಯನ್ನು ಮುರಿಯುತ್ತಾರೆ. ಒಬ್ಬ ಮುರಿಯುವಾಗ ಎದುರಾಳಿ ತಡೆಯುವುದಿಲ್ಲ; ನಿಂತು ನೋಡುತ್ತಾನೆ, ತನ್ನ ಸರದಿಗಾಗಿ ಕಾಯುತ್ತಾನೆ. ಮದುವೆ ಮನೆಯ ಪಂಕ್ತಿಯಲ್ಲೂ ನಾನು ಇಷ್ಟು ಶಿಸ್ತು ಕಂಡಿಲ್ಲ.

ಆ ಕಾಯುವಿಕೆಯ ಹಿಂದೆ ಒಂದು ಲೆಕ್ಕವಿತ್ತು. ಚಿತ್ರ ಸಿದ್ಧವಾದೊಡನೆ ಅದನ್ನು ಯಾವುದಾದರೊಂದು ಚಿತ್ರಮಂದಿರದಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸುತ್ತಿದ್ದರು. ಜನ ಎಲ್ಲಿ ನಗುತ್ತಾರೆ, ಎಷ್ಟು ಹೊತ್ತು ನಗುತ್ತಾರೆ ಎಂದು ಗಮನಿಸಿ, ಮತ್ತೆ ಕತ್ತರಿ ಹಿಡಿದು ಕೂಡುತ್ತಿದ್ದರು. ಈ ಕೆಲಸದಲ್ಲಿ ಲಾರೆಲ್ಲನದೇ ಮುಖ್ಯ ಕೈ. ಹಾರ್ಡಿ ಸಂಜೆಯಾದರೆ ಗಾಲ್ಫ್ ಆಡಲು ಹೋಗುವವನು. ನಗು ಹೆಚ್ಚು ಹೊತ್ತು ನಿಲ್ಲುವ ಕಡೆ, ಮುಂದಿನ ಮಾತು ಆ ಗದ್ದಲದಲ್ಲಿ ಕಳೆದುಹೋಗದಂತೆ ಬಿಡುವು ಕೊಡುತ್ತಿದ್ದರು. ಹಾರ್ಡಿ ಟೈ ಹಿಡಿದುಕೊಂಡು, ನಿಟ್ಟುಸಿರಿಟ್ಟು, ನಮ್ಮ ಕಡೆಗೇ ತಿರುಗಿ ನೋಡುವ ಆ ದೀರ್ಘ ನೋಟವಿದೆಯಲ್ಲ, ಅದು ಬರಿಯ ಅಭಿನಯವಲ್ಲ. ನಗುವಿಗೆ ಬಿಟ್ಟ ಜಾಗ. ನೂರಾರು ಜನ ಸೇರಿದ ಕತ್ತಲ ಮಂದಿರಕ್ಕೆ ಅಳತೆ ತೆಗೆದು ಹೊಲಿದ ಅಂಗಿಯನ್ನು ನಾನು ಒಬ್ಬನೇ ತೊಟ್ಟುಕೊಂಡು ಸಡಿಲವೆಂದು ದೂರುತ್ತಿದ್ದೆ.

ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಚಿತ್ರ ನನ್ನ ತೀರ್ಮಾನವನ್ನು ಕದಡಿತು. ಮಂದಿರಕ್ಕೆಂದೇ ಮಾಡಿದ ಚಿತ್ರಗಳನ್ನು ಮಂದಿರದವರೇ ಉಳಿಸಿಕೊಳ್ಳಲಿಲ್ಲ. 1940ರಲ್ಲಿ ಈ ಜೋಡಿ ರೋಚ್‌ನನ್ನು ಬಿಟ್ಟು ದೊಡ್ಡ ಕಂಪೆನಿಗಳಿಗೆ ಹೋಯಿತು. ಅಲ್ಲಿ ಲಾರೆಲ್ಲನ ಕೈಗೆ ಕತ್ತರಿ ಕೊಡುವವರಿರಲಿಲ್ಲ. ಹಳೆಯ ಚಿತ್ರಗಳನ್ನು ಮರುಬಿಡುಗಡೆ ಮಾಡಿದವರು ಮೂಲದ ಶೀರ್ಷಿಕೆಗಳನ್ನು ಕಿತ್ತು ತಮ್ಮದನ್ನು ಅಂಟಿಸಿದರು. ಬೇಡಿಕೆ ಹೆಚ್ಚಿದ ಚಿತ್ರಗಳ ಮೂಲ ನೆಗೆಟಿವ್ ಪ್ರತಿ ತೆಗೆದು ತೆಗೆದೇ ಸವೆದುಹೋಯಿತು. ಜನ ಮೆಚ್ಚಿದ್ದೇ ಚಿತ್ರಕ್ಕೆ ಮೃತ್ಯುವಾಯಿತು. ಆಮೇಲೆ ಬಂದ ಟೆಲಿವಿಷನ್ ಜಾಹೀರಾತಿಗೆ ಎಡೆ ಮಾಡಲು ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿತು. ಹಾರ್ಡಿ 1957ರಲ್ಲಿ ತೀರಿಕೊಂಡ. ಲಾರೆಲ್ ಸಾಂಟಾ ಮೋನಿಕಾದ ಸಣ್ಣ ಮನೆಯಲ್ಲಿ, ಟೆಲಿಫೋನ್ ಡೈರೆಕ್ಟರಿಯಲ್ಲಿ ತನ್ನ ಹೆಸರು ಯಥಾಪ್ರಕಾರ ಅಚ್ಚಾಗಿರಲು ಬಿಟ್ಟು, ಬಂದವರನ್ನೆಲ್ಲ ಕೂರಿಸಿ ಮಾತಾಡಿಸುತ್ತ 1965ರ ತನಕ ಬದುಕಿದ್ದ. ತನ್ನ ಚಿತ್ರಗಳು ತುಂಡಾಗಿ ಟಿ.ವಿ.ಯಲ್ಲಿ ಬರುವುದನ್ನು ನೋಡಿ ಸಂಕಟಪಟ್ಟ. ಆ ಪ್ರಸಾರಗಳಿಂದ ಇಬ್ಬರಿಗೂ ಬಿಡಿಗಾಸು ದಕ್ಕಲಿಲ್ಲ. ಚಿತ್ರಗಳ ಒಡೆತನ ಅವರದಾಗಿರಲಿಲ್ಲ. 1980ರ ದಶಕದಲ್ಲಿ ‘ವೇ ಔಟ್ ವೆಸ್ಟ್’ ಮೊದಲಾದುವಕ್ಕೆ ಕಂಪ್ಯೂಟರಿನಿಂದ ಬಣ್ಣ ಬಳಿದು ಕ್ಯಾಸೆಟ್ ಮಾರಿದರು. ಹಳೆಯ ಶಿಲಾವಿಗ್ರಹಕ್ಕೆ ಎಣ್ಣೆಬಣ್ಣ ಬಳಿಯುವ ಭಕ್ತರು ನಮ್ಮಲ್ಲೂ ಇದ್ದಾರೆ.

ಹಾಗಾದರೆ ಉಳಿಸಿದವರು ಯಾರು? ಬಹುಮಟ್ಟಿಗೆ, ಮನೆಯಲ್ಲಿ ಕುಳಿತು ನೋಡುವವರು. ಚಿತ್ರಮಂದಿರದ ಫಿಲ್ಮು 35 ಮಿಲಿಮೀಟರಿನದು, ಬೆಂಕಿ ತಗುಲಿದರೆ ಭಗ್ಗನೆ ಉರಿಯುವ ಜಾತಿಯದು. ಮನೆಗೆಂದು ಕೊಡಕ್ ಕಂಪೆನಿ 1923ರಲ್ಲಿ 16 ಮಿಲಿಮೀಟರಿನ, 1932ರಲ್ಲಿ 8 ಮಿಲಿಮೀಟರಿನ ನಿರಪಾಯದ ಫಿಲ್ಮನ್ನು ತಂದಿತು. ಅಯೋವ ಪ್ರಾಂತದ ಡಾವೆನ್‌ಪೋರ್ಟ್ ಎಂಬ ಊರಿನಿಂದ ಬ್ಲ್ಯಾಕ್‌ಹಾಕ್ ಎಂಬ ಸಂಸ್ಥೆ ಈ ಸಣ್ಣ ಅಳತೆಗಳಲ್ಲಿ ಲಾರೆಲ್–ಹಾರ್ಡಿ ಚಿತ್ರಗಳನ್ನು ಅಚ್ಚುಹಾಕಿಸಿ, ಪಟ್ಟಿ ಕಳಿಸಿ, ಅಂಚೆಯಲ್ಲಿ ಮನೆಮನೆಗೆ ಮಾರಿತು. ಕ್ಯಾಸೆಟ್ಟಿಗೂ ಡಿವಿಡಿಗೂ ಇದೇ ಮೂಲಪುರುಷ. ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ, ನೆಂಟರಿಷ್ಟರನ್ನು ಕರೆದು, ಗರಗರನೆ ಯಂತ್ರ ತಿರುಗಿಸಿ ತೋರಿಸುತ್ತಿದ್ದ ಹವ್ಯಾಸಿಗಳು ಹಳೆಯ ಚಿತ್ರಗಳ ಭಂಡಾರಿಗಳಾದರು.

‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ ಎಂಬ 1927ರ ಮೂಕಿಚಿತ್ರದ ಕತೆ ಕೇಳಿ. ಮೊದಲ ರೀಲಿನಲ್ಲಿ ಲಾರೆಲ್ ಮುಷ್ಟಿಮಲ್ಲ, ಹಾರ್ಡಿ ಅವನ ಮ್ಯಾನೇಜರು. ಲಾರೆಲ್ಲನ ಹೆಸರಿಗೆ ವಿಮೆ ಮಾಡಿಸಿದ ಹಾರ್ಡಿ, ಎರಡನೆಯದರಲ್ಲಿ ಅವನು ಜಾರಿ ಬೀಳಲೆಂದು ಬಾಳೆಹಣ್ಣಿನ ಸಿಪ್ಪೆ ಎಸೆಯುತ್ತಾನೆ. ಬೀಳುವವನು ಕೆನೆ ತುಂಬಿದ ಪೈಗಳನ್ನು ಹೊತ್ತ ಅಂಗಡಿಯವನು. ಅಲ್ಲಿಂದ ಮುಖಕ್ಕೆ ಪೈ ಎರಚಾಟ ಶುರುವಾಗಿ ಬೀದಿಯೆಲ್ಲ ಹಬ್ಬುತ್ತದೆ. ಮೂರು ಸಾವಿರ ಪೈ ಖರ್ಚಾದುವೆಂದು ಪ್ರತೀತಿ. ಈ ಎರಡನೆಯ ರೀಲು ಕಳೆದುಹೋಯಿತು. ರಾಬರ್ಟ್ ಯಂಗ್‌ಸನ್ ಎಂಬಾತ 1957ರಲ್ಲಿ ಹಳೆಯ ನಗೆಚಿತ್ರಗಳ ಆಯ್ದ ಭಾಗಗಳನ್ನು ಸೇರಿಸಿ ‘ದಿ ಗೋಲ್ಡನ್ ಏಜ್ ಆಫ್ ಕಾಮೆಡಿ’ ಎಂಬ ಸಂಕಲನ ಮಾಡಿದ್ದ. ಅದರಲ್ಲಿ ಉದ್ಧರಿಸಿದ್ದ ಕೆಲವು ನಿಮಿಷಗಳಷ್ಟೇ ಲೋಕಕ್ಕೆ ಉಳಿದುವು. ಇದನ್ನು ಓದಿದಾಗ ನನಗೆ ನಮ್ಮ ಒಂದನೆಯ ಗುಣವರ್ಮ ನೆನಪಾದ. ಅವನ ‘ಶೂದ್ರಕ’ ನಮಗೆ ದೊರೆತಿಲ್ಲ; ಹಿಂದಿನವರು ತಮ್ಮ ಸಂಕಲನಗಳಲ್ಲಿ ಎತ್ತಿಕೊಂಡ ಬಿಡಿ ಪದ್ಯಗಳಲ್ಲೇ ಆ ಕಾವ್ಯವನ್ನು ನಾವು ಊಹಿಸಿಕೊಳ್ಳಬೇಕು. ಎಷ್ಟು ಸಲ ಆ ಪಾಠ ಹೇಳಿದ್ದೇನೆ. ಪ್ರತಿ ಸಲವೂ, ಯಾವುದೋ ಮನೆಯ ಅಟ್ಟದಲ್ಲಿ ಒಂದು ಕಟ್ಟು ಓಲೆಗರಿ ಇದ್ದೀತೆ ಎಂಬ ಆಸೆ ಇಣುಕುತ್ತದೆ.

ಪೈ ಯುದ್ಧದ ಮಟ್ಟಿಗೆ ಆ ಆಸೆ ಕೈಗೂಡಿತು. ಜಾನ್ ಮಿರ್ಸಾಲಿಸ್ ಎಂಬ ಸಂಗ್ರಾಹಕರು, ತಾವು ಕೊಂಡಿದ್ದ ಮತ್ತೊಬ್ಬ ಸಂಗ್ರಾಹಕರ ಫಿಲ್ಮುಗಳ ರಾಶಿಯಲ್ಲಿ ಒಂದು 16 ಮಿಲಿಮೀಟರ್ ಸುರುಳಿಯನ್ನು ಕಂಡರು. ಹಚ್ಚಿ ನೋಡಿದರೆ, ಎರಡನೆಯ ರೀಲು! ಒಂದು ಕಾಲಕ್ಕೆ ಯಂಗ್‌ಸನ್ನನ ಬಳಿಯೇ ಇದ್ದ ಪ್ರತಿ ಅದು. 2015ರಲ್ಲಿ ಸುದ್ದಿ ಹೊರಬಿತ್ತು. 2020ರಲ್ಲಿ ಹೊರಬಂದ ಜೀರ್ಣೋದ್ಧಾರದ ಡಿಸ್ಕುಗಳಲ್ಲಿ ಚಿತ್ರ ಸೇರಿತು. ವಿಮೆ ಮಾಡಿಸುವ ದೃಶ್ಯ ಮಾತ್ರ ಇನ್ನೂ ಸಿಕ್ಕಿಲ್ಲ; ಅಲ್ಲಿ ಸ್ಥಿರಚಿತ್ರಗಳನ್ನಿಟ್ಟು, ಲುಪ್ತವಾದುದನ್ನು ಲುಪ್ತವೆಂದೇ ಪ್ರಾಮಾಣಿಕವಾಗಿ ತೋರಿಸಿದ್ದಾರೆ. ಒಳ್ಳೆಯ ಸಂಪಾದಕನ ಲಕ್ಷಣ. ಇನ್ನು ‘ದಿ ಮ್ಯೂಸಿಕ್ ಬಾಕ್ಸ್’ಗೆ ಮೂಲವಾದ ‘ಹ್ಯಾಟ್ಸ್ ಆಫ್’ ಎಂಬ 1927ರ ಮೂಕಿಚಿತ್ರವಂತೂ ಪೂರ್ತಿ ಕಾಣೆ. ಅದರಲ್ಲಿ ಇಬ್ಬರೂ ಅದೇ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುವ ಯಂತ್ರವನ್ನು ಹೊರುತ್ತಾರಂತೆ.

ಇಷ್ಟೆಲ್ಲ ತಿಳಿದ ಮೇಲೆ ಒಂದು ಭಾನುವಾರ ಸಂಜೆ ಆ ಚಿತ್ರವನ್ನು ಮತ್ತೆ ಹಾಕಿದೆ. ಈ ಸಲ ಒಬ್ಬನೇ ಕೂಡಲಿಲ್ಲ. ಹೆಂಡತಿ, ಮಗ, ಮಹಡಿಯ ಮನೆಯ ಇಬ್ಬರು ಮಕ್ಕಳು, ಬತ್ತಿ ಹೊಸೆಯುತ್ತ ಅಮ್ಮ. 1932ರಲ್ಲಿ ಆಸ್ಕರ್ ಬಹುಮಾನ ಪಡೆದ ಚಿತ್ರವೆಂಬ ನನ್ನ ಪೀಠಿಕೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಲಾಸ್ ಏಂಜಲೀಸ್ ನಗರದ ಒಂದು ದಿಣ್ಣೆ, ಅದಕ್ಕೆ 133 ಮೆಟ್ಟಿಲು, ತುದಿಯಲ್ಲೊಂದು ಮನೆ. ಪೆಟ್ಟಿಗೆಯಲ್ಲಿಟ್ಟ ಪಿಯಾನೋವನ್ನು ಇವರು ಅಲ್ಲಿಗೆ ಮುಟ್ಟಿಸಬೇಕು. ಹೊರುತ್ತಾರೆ, ಅದು ಉರುಳುತ್ತದೆ, ಮತ್ತೆ ಹೊರುತ್ತಾರೆ. ಹಾರ್ಡಿ ನಮ್ಮತ್ತ ತಿರುಗಿ ನೋಡಿದಾಗಲೆಲ್ಲ ಮಗ ಚಾಪೆಯ ಮೇಲೆ ಹೊರಳಾಡಿದ. ಅವನ ನಗು ಮುಗಿಯುವ ಹೊತ್ತಿಗೆ ಸರಿಯಾಗಿ ಚಿತ್ರ ಮುಂದಕ್ಕೆ ಹೋಗುತ್ತಿತ್ತು. ಕೊನೆಗೆ ಪಿಯಾನೋ ಮೇಲೆ ತಲುಪಿದಾಗ, ಅಂಚೆಯವನೊಬ್ಬ ಎದುರಾಗಿ, ಹಿಂದಿನಿಂದ ಗಾಡಿಯ ರಸ್ತೆಯೇ ಇತ್ತಲ್ಲ ಎನ್ನುತ್ತಾನೆ. ಇಬ್ಬರೂ ಮುಖ ಮುಖ ನೋಡಿಕೊಂಡು, ರಸ್ತೆಯಲ್ಲೇ ತರೋಣವೆಂದು, ಪಿಯಾನೋವನ್ನು ಮೆಟ್ಟಿಲಿನಿಂದ ಕೆಳಕ್ಕೆ ಇಳಿಸತೊಡಗುತ್ತಾರೆ.

“ಅಯ್ಯೋ, ಮತ್ತೆ ಇಳಿಸ್ತಾವಲ್ಲೋ ಮುಂಡೇವು!” ಎಂದು ಅಮ್ಮ ಕೂಗಿದಳು. ಬತ್ತಿಯ ತಟ್ಟೆ ಮಗುಚಿ ಹತ್ತಿಯೆಲ್ಲ ನೆಲಕ್ಕೆ ಚೆಲ್ಲಿತು. ಮುಂದೆ ಏನು ನಡೆಯಿತೆಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಿಂದಕ್ಕೆ ಹಾಕೋ, ಇನ್ನೊಂದ್ಸಲ ನೋಡೋಣ” ಎಂದಳು.