ಬ್ಲಾಕ್‌ಚೈನ್ ಸಾಮಾಜಿಕ ಮಾಧ್ಯಮಗಳಲ್ಲಿ ವಿಷಯ ನಿಯಂತ್ರಣ

ಬಳಕೆದಾರರ ಖಾತೆಗಳನ್ನು ಅಥವಾ ಬರಹಗಳನ್ನು ಒಂದೇ ಕಂಪನಿಯ ಸರ್ವರ್‌ಗಳಲ್ಲಿ ಇರಿಸದೆ, ಬ್ಲಾಕ್‌ಚೈನ್ ಎಂಬ ಹಂಚಿಕೆಯ ದಾಖಲೆಪುಸ್ತಕದ ನೆರವಿನಿಂದ ನಡೆಯುವ ಜಾಲಗಳನ್ನು ಬ್ಲಾಕ್‌ಚೈನ್ ಸಾಮಾಜಿಕ ಮಾಧ್ಯಮಗಳು ಎನ್ನುತ್ತಾರೆ. ಇಂತಹ ಜಾಲಗಳಲ್ಲಿ ಯಾವ ಬರಹವನ್ನು ತೋರಿಸಬೇಕು, ಯಾವುದನ್ನು ಮರೆಮಾಡಬೇಕು, ಅದನ್ನು ಯಾರು ನಿರ್ಧರಿಸಬೇಕು ಎಂಬ ನಿಯಮಗಳನ್ನೂ ವಿಧಾನಗಳನ್ನೂ ಒಟ್ಟಾಗಿ ವಿಷಯ ನಿಯಂತ್ರಣ ಎಂದು ಕರೆಯಲಾಗುತ್ತದೆ. ಒಮ್ಮೆ ದಾಖಲಾದ ಬರಹವನ್ನು ಸರಕಾರವಾಗಲಿ ಕಂಪನಿಯಾಗಲಿ ಸುಲಭವಾಗಿ ಅಳಿಸಲಾರದೆಂಬ ಗುಣಕ್ಕೆ ಸೆನ್ಸಾರ್ ನಿರೋಧಕತೆ ಎಂದು ಹೆಸರು. ಸ್ಟೀಮ್ (2016), ಹೈವ್ (2020), ಲೆನ್ಸ್ (2022) ಮತ್ತು ಫಾರ್ಕಾಸ್ಟರ್ ಈ ಬಗೆಯ ಪ್ರಮುಖ ಜಾಲಗಳು. ಭಾರತದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಹಲವು ಕಾನೂನು ಪ್ರಶ್ನೆಗಳು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಚರ್ಚೆಗೆ ಬಂದಿವೆ.

ಹಿನ್ನೆಲೆ

ಸಾಮಾಜಿಕ ಮಾಧ್ಯಮಗಳ ಬರಹಗಳನ್ನು ನಿಯಂತ್ರಿಸಬೇಕೆಂಬ ವಾದಕ್ಕೂ ನಿಯಂತ್ರಣವು ಅತಿಯಾಗಬಾರದೆಂಬ ವಾದಕ್ಕೂ ಬೆಂಗಳೂರಿನ ಅನುಭವದಲ್ಲಿ ಆಧಾರಗಳಿವೆ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಹಿಂಸಾಚಾರದ ಬೆನ್ನಲ್ಲೇ, ಈಶಾನ್ಯ ರಾಜ್ಯಗಳ ಜನರ ಮೇಲೆ ಹಲ್ಲೆ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್ ಮತ್ತು ಸಾಮಾಜಿಕ ಮಾಧ್ಯಮಗಳ ಮೂಲಕ ನಗರದಲ್ಲಿ ಹಬ್ಬಿತು. ಸಾವಿರಾರು ವಿದ್ಯಾರ್ಥಿಗಳು ಮತ್ತು ಕಾರ್ಮಿಕರು ಕೆಲವೇ ದಿನಗಳಲ್ಲಿ ಗುವಾಹಟಿಯ ರೈಲುಗಳನ್ನು ಹತ್ತಿ ಊರು ಬಿಟ್ಟರು. ಕೇಂದ್ರ ಸರಕಾರವು 15 ದಿನಗಳ ಕಾಲ ಸಗಟು ಎಸ್‌ಎಂಎಸ್‌ಗಳನ್ನು ನಿರ್ಬಂಧಿಸಿ, 300ಕ್ಕೂ ಹೆಚ್ಚು ಜಾಲಪುಟ ಮತ್ತು ಖಾತೆಗಳನ್ನು ತಡೆಹಿಡಿಯಿತು. ಈ ಪಟ್ಟಿಯನ್ನು ಪರಿಶೀಲಿಸಿದ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ, ವದಂತಿ ಸುಳ್ಳೆಂದು ತಿಳಿಸುತ್ತಿದ್ದ ಬರಹಗಳೂ ಅದರಲ್ಲಿ ಸೇರಿದ್ದುದನ್ನು ತೋರಿಸಿಕೊಟ್ಟಿತು.

ಕಂಪನಿಗಳ ತೀರ್ಮಾನಗಳೂ ವಿವಾದಕ್ಕೆ ಒಳಗಾಗಿವೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿತು. ನಾಜಿ ವಂದನೆ ಸಲ್ಲಿಸಲು ಒಪ್ಪದೆ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕ ಆಗಸ್ಟ್ ಲ್ಯಾಂಡ್‌ಮೆಸರ್‌ನ ಪ್ರಸಿದ್ಧ ಛಾಯಾಚಿತ್ರವನ್ನು ಅವರು ಖಾತೆಯಲ್ಲಿ ಬಳಸಿದ್ದರು. ನಾಜಿಗಳನ್ನು ವಿರೋಧಿಸುವ ಚಿತ್ರವೇ ದ್ವೇಷದ ಚಿತ್ರವೆಂದು ಎಣಿಸಲ್ಪಟ್ಟಿತು. ಇದನ್ನು ಪ್ರತಿಭಟಿಸಿ ಆ ವರ್ಷದ ನವೆಂಬರ್‌ನಲ್ಲಿ ಅನೇಕ ಭಾರತೀಯರು ಮಾಸ್ಟಡಾನ್ ಜಾಲಕ್ಕೆ ವಲಸೆ ಹೋದರು. ಮಾಸ್ಟಡಾನ್ ಬ್ಲಾಕ್‌ಚೈನ್ ಬಳಸುವುದಿಲ್ಲವಾದರೂ, ಅನೇಕ ಸ್ವತಂತ್ರ ಸರ್ವರ್‌ಗಳ ಒಕ್ಕೂಟವಾಗಿರುವುದರಿಂದ ವಿಕೇಂದ್ರಿತ ಮಾಧ್ಯಮಗಳ ಸಾಲಿಗೆ ಸೇರುತ್ತದೆ.

ಕಂಪನಿಯೇ ಮುಚ್ಚಿದಾಗ ಉಂಟಾಗುವ ನಷ್ಟಕ್ಕೆ ಕೂ ಒಂದು ಉದಾಹರಣೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಕಿರುಬರಹ ತಾಣ 2020ರಲ್ಲಿ ಮೊದಲು ಕನ್ನಡದಲ್ಲಿ ಆರಂಭವಾಗಿ, ನಂತರ ಇತರ ಭಾಷೆಗಳಿಗೆ ವಿಸ್ತರಿಸಿತು. 2024ರ ಜುಲೈನಲ್ಲಿ ಅದು ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿತು. ಅಲ್ಲಿ ಬರೆಯುತ್ತಿದ್ದವರ ಬರಹ, ಓದುಗವಲಯಗಳೆಲ್ಲ ಸಂಸ್ಥೆಯೊಂದಿಗೇ ಕೊನೆಗೊಂಡವು. ಬರಹದ ಉಳಿವು ಒಂದು ಕಂಪನಿಯ ಆಯುಷ್ಯವನ್ನು ಅವಲಂಬಿಸಬಾರದು ಎಂಬುದು ಬ್ಲಾಕ್‌ಚೈನ್ ಪರವಾದ ಮುಖ್ಯ ವಾದ.

ಕಾರ್ಯವಿಧಾನ

ಬ್ಲಾಕ್‌ಚೈನ್‌ನಲ್ಲಿ ದಾಖಲೆಗಳನ್ನು ಕಂತೆಗಳಾಗಿ ಕಟ್ಟಿ, ಪ್ರತಿ ಕಂತೆಯಲ್ಲಿ ಹಿಂದಿನ ಕಂತೆಯ ಗಣಿತೀಯ ಗುರುತನ್ನು (ಹ್ಯಾಶ್) ಸೇರಿಸಲಾಗುತ್ತದೆ. ಹಳೆಯ ಕಂತೆಯಲ್ಲಿ ಒಂದಕ್ಷರ ಬದಲಾದರೂ ಮುಂದಿನ ಎಲ್ಲ ಗುರುತುಗಳು ತಾಳೆಯಾಗದೆ ತಿದ್ದುಪಡಿ ಬಯಲಾಗುತ್ತದೆ. ಇದರ ಪ್ರತಿಗಳು ಹಲವು ದೇಶಗಳ ಗಣಕಗಳಲ್ಲಿರುವುದರಿಂದ ಒಂದು ಪ್ರತಿಯನ್ನು ನಾಶಪಡಿಸಿದರೂ ಉಳಿದವು ಇರುತ್ತವೆ. ಈ ಅರ್ಥದಲ್ಲಿ ಇಲ್ಲಿನ ಬರಹವನ್ನು ಶಿಲಾಶಾಸನಕ್ಕೆ ಹೋಲಿಸಬಹುದು.

ಎಲ್ಲ ಜಾಲಗಳೂ ಬರಹವನ್ನು ಪೂರ್ತಿಯಾಗಿ ಸರಪಳಿಯಲ್ಲೇ ಇಡುವುದಿಲ್ಲ. ಸ್ಟೀಮ್ ಮತ್ತು ಹೈವ್ ಪಠ್ಯವನ್ನು ಸರಪಳಿಯಲ್ಲೇ ದಾಖಲಿಸುತ್ತವೆ. ಫಾರ್ಕಾಸ್ಟರ್ ಖಾತೆಯ ಒಡೆತನವನ್ನು ಮಾತ್ರ ಸರಪಳಿಯಲ್ಲಿಟ್ಟು, ಬರಹಗಳನ್ನು ಹೊರಗಿನ ಸರ್ವರ್‌ಗಳಲ್ಲಿ ಇರಿಸುತ್ತದೆ.

ವಿಷಯ ನಿಯಂತ್ರಣವನ್ನು ಅರಿಯಲು ಈ ಜಾಲಗಳನ್ನು ಎರಡು ಸ್ತರಗಳಾಗಿ ನೋಡುವುದು ಅಗತ್ಯ.

ಸಂಗ್ರಹ ಸ್ತರ: ಬರಹ ಅಥವಾ ಖಾತೆಯ ಮೂಲ ದಾಖಲೆ ಇರುವ ಸ್ಥಳ. ಇಲ್ಲಿಂದ ಅಳಿಸುವುದು ಕಷ್ಟ.

ಪ್ರದರ್ಶನ ಸ್ತರ: ಓದುಗರು ಬಳಸುವ ಆ್ಯಪ್ ಅಥವಾ ಜಾಲತಾಣ. ಮೂಲ ದಾಖಲೆ ಉಳಿದಿದ್ದರೂ ಇಲ್ಲಿ ಅದನ್ನು ಮರೆಮಾಡಬಹುದು, ಕೆಳಗೆ ತಳ್ಳಬಹುದು ಅಥವಾ ಎಚ್ಚರಿಕೆಯೊಂದಿಗೆ ತೋರಿಸಬಹುದು.

ಸೆನ್ಸಾರ್ ನಿರೋಧಕತೆಯ ಉಪಯೋಗಕ್ಕೆ 2018ರ ಏಪ್ರಿಲ್‌ನ ಒಂದು ಘಟನೆಯನ್ನು ಉದಾಹರಿಸುವುದು ರೂಢಿ. ಹಳೆಯ ಲೈಂಗಿಕ ದೌರ್ಜನ್ಯ ಪ್ರಕರಣದ ಮಾಹಿತಿ ಕೇಳಿದ್ದಕ್ಕಾಗಿ ತಮ್ಮ ಮೇಲೆ ಒತ್ತಡ ಹೇರಲಾಯಿತೆಂದು ಪೀಕಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬರು ಬಹಿರಂಗ ಪತ್ರ ಬರೆದಿದ್ದರು. ಚೀನಾದ ಜಾಲತಾಣಗಳಿಂದ ಅದನ್ನು ತೆಗೆದುಹಾಕಿದಾಗ, ಅನಾಮಿಕರೊಬ್ಬರು ಪತ್ರದ ಪಠ್ಯವನ್ನು ಇಥೀರಿಯಮ್ ಬ್ಲಾಕ್‌ಚೈನ್‌ನ ಒಂದು ವ್ಯವಹಾರದೊಳಗೆ ಸೇರಿಸಿದರು.

ಮಿತಿಗಳು

ಸಂಗ್ರಹ ಸ್ತರದ ಸೆನ್ಸಾರ್ ನಿರೋಧಕತೆಯೂ ಪರಿಪೂರ್ಣವಲ್ಲ. ಸ್ಟೀಮ್ ಜಾಲದಲ್ಲಿ ಟೋಕನ್ ಹೊಂದಿರುವವರು ಮತ ಹಾಕಿ ಆರಿಸಿದ 'ಸಾಕ್ಷಿ'ಗಳು ಕಂತೆಗಳನ್ನು ಕಟ್ಟುತ್ತಾರೆ. 2020ರ ಫೆಬ್ರವರಿಯಲ್ಲಿ ಟ್ರಾನ್ ಸಂಸ್ಥೆಯ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಹಳೆಯ ಸಾಕ್ಷಿಗಳು ಅವರ ಟೋಕನ್‌ಗಳನ್ನು ಸ್ಥಗಿತಗೊಳಿಸಿದರು. ಪ್ರತಿಯಾಗಿ, ವಿನಿಮಯ ಕೇಂದ್ರಗಳು ತಮ್ಮಲ್ಲಿ ಗ್ರಾಹಕರು ಇರಿಸಿದ್ದ ಟೋಕನ್‌ಗಳಿಂದ ಮತ ಚಲಾಯಿಸಿದ್ದರಿಂದ ಸಾಕ್ಷಿಗಳೇ ಬದಲಾದರು. ವಿರೋಧಿಗಳು 2020ರ ಮಾರ್ಚ್ 20ರಂದು ಹೈವ್ ಎಂಬ ಪ್ರತ್ಯೇಕ ಸರಪಳಿ ಆರಂಭಿಸಿ, ಸನ್ ಪಕ್ಷದವರ ಖಾತೆಗಳಿಗೆ ಹೊಸ ಟೋಕನ್ ನೀಡಲಿಲ್ಲ. ಮೇ ತಿಂಗಳಲ್ಲಿ ಸ್ಟೀಮ್ ಸರಪಳಿಯು ವಿರೋಧಿ ಬಳಕೆದಾರರ ಟೋಕನ್‌ಗಳನ್ನು ವಶಪಡಿಸಿಕೊಂಡಿತು. ಬಹುಮತ ಕೆಲವರ ಕೈಗೆ ಬಂದಾಗ ಬ್ಲಾಕ್‌ಚೈನ್‌ನಲ್ಲೂ ಬಹಿಷ್ಕಾರ ಸಾಧ್ಯವೆಂಬುದನ್ನು ಎರಡೂ ಪಕ್ಷಗಳು ತೋರಿಸಿಕೊಟ್ಟವು.

ಪ್ರದರ್ಶನ ಸ್ತರದಲ್ಲಿ ನಿಯಂತ್ರಣ ಇನ್ನೂ ಸುಲಭ. ನಾಸ್ಟರ್ ಎಂಬ ವಿಕೇಂದ್ರಿತ ವ್ಯವಸ್ಥೆಯನ್ನು (ಇದೂ ಬ್ಲಾಕ್‌ಚೈನ್ ಅಲ್ಲ) ಬಳಸುವ ಡ್ಯಾಮಸ್ ಆ್ಯಪ್‌ಅನ್ನು 2023ರ ಫೆಬ್ರವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ಆ್ಯಪಲ್ ಸಂಸ್ಥೆ ತನ್ನ ಚೀನಾ ಆ್ಯಪ್ ಸ್ಟೋರ್‌ನಿಂದ ತೆಗೆದುಹಾಕಿತು. ಮೂಲ ವ್ಯವಸ್ಥೆಗೆ ಧಕ್ಕೆಯಾಗಲಿಲ್ಲ, ಆದರೆ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಮುಚ್ಚಿತು.

ಅಳಿಸಲಾಗದಿರುವುದೇ ದೋಷವಾಗುವುದೂ ಉಂಟು. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಬಿಟ್‌ಕಾಯಿನ್ ಸರಪಳಿಯನ್ನು ಪರಿಶೀಲಿಸಿ, ಅದರೊಳಗೆ ಸುಮಾರು 1,600 ಕಡತಗಳು ಹುದುಗಿವೆಯೆಂದೂ, ಅವುಗಳಲ್ಲಿ ಕೆಲವು ಮಕ್ಕಳ ಲೈಂಗಿಕ ಶೋಷಣೆಯ ತಾಣಗಳಿಗೆ ಕೊಂಡಿಗಳನ್ನು ಹೊಂದಿವೆಯೆಂದೂ ವರದಿ ಮಾಡಿದರು.

ಕರ್ನಾಟಕ ಉಚ್ಚ ನ್ಯಾಯಾಲಯದ ಪ್ರಕರಣಗಳು

ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ ಕಲಂ 69ಎ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಬರಹಗಳನ್ನು ತಡೆಹಿಡಿಯುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ನೀಡುತ್ತದೆ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಕಲಂ 66ಎಯನ್ನು ರದ್ದುಗೊಳಿಸಿ, 69ಎಯನ್ನು ಎತ್ತಿಹಿಡಿಯಿತು.

2022ರ ಜುಲೈನಲ್ಲಿ ಟ್ವಿಟರ್, 39 ಜಾಲವಿಳಾಸಗಳ ಮೇಲಿನ ತಡೆ ಆದೇಶಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಬರೆದವರಿಗೆ ನೋಟಿಸ್ ನೀಡಿಲ್ಲವೆಂದೂ, ಬರಹದ ಬದಲು ಇಡೀ ಖಾತೆಯನ್ನೇ ತಡೆಯುವುದು ಅತಿಯೆಂದೂ ಅದು ವಾದಿಸಿತು. ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ 2023ರ ಜೂನ್ 30ರಂದು ಅರ್ಜಿಯನ್ನು ವಜಾಗೊಳಿಸಿ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಸಂಸ್ಥೆ 2025ರಲ್ಲಿ ಕೇಂದ್ರ ಗೃಹ ಸಚಿವಾಲಯದ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿದಾಗ, ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಸೆಪ್ಟೆಂಬರ್ 24ರಂದು ಆ ಅರ್ಜಿಯನ್ನೂ ವಜಾಗೊಳಿಸಿದರು.

ಈ ಪ್ರಕರಣಗಳಲ್ಲಿ ಆದೇಶ ಪಡೆಯುವ, ಪಾಲಿಸುವ ಅಥವಾ ನ್ಯಾಯಾಲಯದಲ್ಲಿ ಪ್ರಶ್ನಿಸುವ ಒಂದು ಕಂಪನಿಯಿತ್ತು. ಬ್ಲಾಕ್‌ಚೈನ್ ಜಾಲದಲ್ಲಿ ಸಂಗ್ರಹ ಸ್ತರಕ್ಕೆ ಅಂತಹ ಒಬ್ಬ ಒಡೆಯನಿಲ್ಲ. ಆದ್ದರಿಂದ ಆದೇಶಗಳು ಆ್ಯಪ್ ನಡೆಸುವವರು, ಆ್ಯಪ್ ಸ್ಟೋರ್‌ಗಳು ಮತ್ತು ಅಂತರಜಾಲ ಸೇವಾದಾರರತ್ತ ತಿರುಗುವುದು ಸಹಜ. ಹಾಗಾದಾಗ ಬರೆದವನ ಪರವಾಗಿ ವಾದಿಸುವ ಸಂಸ್ಥೆಯೇ ಇಲ್ಲದಂತಾಗುವ ಸಾಧ್ಯತೆಯೂ ಇದೆ.

ಮರೆಯಲ್ಪಡುವ ಹಕ್ಕು

ಬ್ಲಾಕ್‌ಚೈನ್‌ನ ಶಾಶ್ವತತೆಗೆ ನೇರವಾಗಿ ಎದುರಾಗುವುದು ಮರೆಯಲ್ಪಡುವ ಹಕ್ಕು. 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರು ನೀಡಿದ ಆದೇಶ, ಈ ಹಕ್ಕನ್ನು ಮನ್ನಿಸಿದ ಭಾರತದ ಆರಂಭಿಕ ತೀರ್ಪುಗಳಲ್ಲೊಂದು. ರಾಜಿಯಲ್ಲಿ ಮುಗಿದ ಹಳೆಯ ಪ್ರಕರಣವೊಂದರ ಆದೇಶದಲ್ಲಿ ತಮ್ಮ ಮಗಳ ಹೆಸರಿದ್ದು, ಅಂತರಜಾಲದಲ್ಲಿ ಹುಡುಕಿದಾಗ ಅದು ಕಾಣಿಸಿಕೊಂಡು ಆಕೆಯ ಬದುಕಿಗೆ ತೊಂದರೆಯಾಗುತ್ತದೆ ಎಂದು ತಂದೆಯೊಬ್ಬರು ಅರ್ಜಿ ಸಲ್ಲಿಸಿದ್ದರು. ಸಾರ್ವಜನಿಕ ಹುಡುಕಾಟದಲ್ಲಿ ಹೆಸರು ಕಾಣದಂತೆ ನೋಡಿಕೊಳ್ಳಲು ನ್ಯಾಯಾಲಯ ತನ್ನ ಕಚೇರಿಗೆ ಸೂಚಿಸಿತು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಹೆಸರು ಉಳಿಯುವುದೆಂದೂ ಸ್ಪಷ್ಟಪಡಿಸಿತು. ಮೂಲ ದಾಖಲೆಯನ್ನು ಉಳಿಸಿ ಪ್ರದರ್ಶನವನ್ನು ಮಾತ್ರ ಮಿತಿಗೊಳಿಸುವ ಈ ಕ್ರಮ, ಮೇಲೆ ಹೇಳಿದ ಎರಡು ಸ್ತರಗಳ ವಿಂಗಡಣೆಯನ್ನು ಹೋಲುತ್ತದೆ.

ಆದರೂ ಹೋಲಿಕೆಗೆ ಮಿತಿಯಿದೆ. ನ್ಯಾಯಾಲಯದ ಕಡತವನ್ನು ಕಾಯುವ ಹೊಣೆಗಾರ ಕಚೇರಿಯೊಂದಿದೆ. ಸಾರ್ವಜನಿಕ ಸರಪಳಿಯ ದಾಖಲೆಯನ್ನು ಯಾರು ಬೇಕಾದರೂ ಇನ್ನೊಂದು ಆ್ಯಪ್‌ನಲ್ಲಿ ಮತ್ತೆ ತೋರಿಸಬಹುದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, 2023 ವ್ಯಕ್ತಿಗಳಿಗೆ ತಮ್ಮ ದತ್ತಾಂಶವನ್ನು ಅಳಿಸುವಂತೆ ಕೇಳುವ ಹಕ್ಕನ್ನು ನೀಡಿದೆ. ಈ ಕಾರಣದಿಂದ ವೈಯಕ್ತಿಕ ಮಾಹಿತಿಯನ್ನು ಸರಪಳಿಯ ಹೊರಗಿಟ್ಟು, ಅದರ ಗುರುತನ್ನು ಮಾತ್ರ ಒಳಗಿಡುವ ವಿನ್ಯಾಸವನ್ನು ಹಲವು ತಜ್ಞರು ಸಲಹೆ ಮಾಡುತ್ತಾರೆ.

ಕನ್ನಡದಲ್ಲಿ ವಿಷಯ ನಿಯಂತ್ರಣ

ನಿಯಂತ್ರಣವು ಪ್ರದರ್ಶನ ಸ್ತರಕ್ಕೆ ಸರಿದಾಗ ಓದುಗರ ಭಾಷೆಯನ್ನು ಬಲ್ಲ ಉಪಕರಣಗಳು ಮತ್ತು ಜನರು ಬೇಕಾಗುತ್ತಾರೆ. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಮತ್ತು ಟ್ಯಾಟಲ್ ಸಂಸ್ಥೆಗಳು ರೂಪಿಸಿದ ಉಲಿ ಎಂಬ ಉಪಕರಣ, ನಿಂದನೆಯ ಪದಗಳನ್ನು ಬಳಕೆದಾರರ ಪರದೆಯ ಮೇಲಷ್ಟೇ ಮರೆಮಾಡುತ್ತದೆ. ಮೂಲ ಬರಹ ಹಾಗೆಯೇ ಇರುತ್ತದೆ. ಆದರೆ ಅದು ಆರಂಭವಾದದ್ದು ಹಿಂದಿ, ತಮಿಳು ಮತ್ತು ಭಾರತೀಯ ಇಂಗ್ಲಿಷಿನಲ್ಲಿ. ಬೆಂಗಳೂರಿನ ಜಯನಗರದಲ್ಲಿರುವ ಐಟಿ ಫಾರ್ ಚೇಂಜ್ ಸಂಸ್ಥೆಯು ಅಂತರಜಾಲದಲ್ಲಿ ಮಹಿಳೆಯರ ವಿರುದ್ಧ ನಡೆಯುವ ನಿಂದನೆಯ ಕುರಿತು ಅಧ್ಯಯನಗಳನ್ನು ನಡೆಸಿದೆ.

ಕನ್ನಡಕ್ಕೆ ವಿಶಿಷ್ಟವಾದ ತೊಡಕುಗಳೂ ಇವೆ. ಒಂದೇ ಮಾತನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹಲವು ಬಗೆಯ ಕಾಗುಣಿತಗಳಲ್ಲಿ ಬರೆಯುತ್ತಾರೆ. ಒಂದು ಪ್ರದೇಶದಲ್ಲಿ ಸಲುಗೆಯ ಸಂಬೋಧನೆಯಾದ ಪದ ಇನ್ನೊಂದು ಪ್ರದೇಶದಲ್ಲಿ ಅಪಮಾನವಾಗಬಹುದು. 'ಕೊಂದ್ಬಿಡ್ತೀನಿ' ಎಂಬುದು ಗೆಳೆಯರ ನಡುವೆ ಹುಸಿಮುನಿಸು, ಅಪರಿಚಿತರಿಂದ ಬಂದರೆ ಬೆದರಿಕೆ. ಪದಪಟ್ಟಿಯನ್ನಷ್ಟೇ ನೋಡುವ ಯಂತ್ರ ಈ ಭೇದವನ್ನು ಅರಿಯದು. ದಾಖಲೆಯನ್ನು ಅಳಿಸಲು ಸಾಧ್ಯವಿಲ್ಲದ ಜಾಲಗಳಲ್ಲಿ, ಬರಹವನ್ನು ಓದಿ, ಸಂದರ್ಭವನ್ನು ತಿಳಿದು ತೀರ್ಮಾನಿಸಬಲ್ಲ ಕನ್ನಡಿಗರ ಅಗತ್ಯ ಸಾಮಾನ್ಯ ಜಾಲಗಳಿಗಿಂತ ಹೆಚ್ಚು.