ಪಟ್ಟಿಯಲ್ಲಿ ಯಾರ ಹೆಸರಿದೆ?

1971ರ ನವೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಮೊದಲ ಕೈಪಿಡಿ ಹೊರತಂದಾಗ ಅದರಲ್ಲಿ ಗುಂಪು ಎಂಬುದೇ ಇರಲಿಲ್ಲ. ಫೈಲಿಗೆ ಒಡೆಯನೊಬ್ಬ, ಮಿಕ್ಕವರೆಲ್ಲ ಹೊರಗಿನವರು. ಒಟ್ಟಿಗೆ ಕೆಲಸ ಮಾಡುವ ನಾಲ್ಕು ಜನಕ್ಕೆ ಒಂದು ಫೈಲು ಬೇಕಿದ್ದರೆ ಅದನ್ನು ಎಲ್ಲರಿಗೂ ತೆರೆದಿಡಬೇಕಿತ್ತು. ಕೆಲವೇ ವರ್ಷಗಳಲ್ಲಿ ಈ ಕೊರತೆ ನೀಗಿತು. 'ಗ್ರೂಪ್' ಎಂಬ ಸಾದಾ ಫೈಲೊಂದು ಬಂತು. ಅದರಲ್ಲಿ ಸಾಲಿಗೊಂದು ಗುಂಪು, ಪ್ರತಿ ಸಾಲಿನ ಕೊನೆಗೆ ಅಲ್ಪವಿರಾಮ ಹಾಕಿ ಬರೆದ ಸದಸ್ಯರ ಹೆಸರುಗಳು. ಇವತ್ತಿನ ಲಿನಕ್ಸ್ ಯಂತ್ರ ತೆರೆದು ನೋಡಿದರೂ ಅದೇ ಫೈಲು ಸಿಗುತ್ತದೆ.

ಆಗ ಒಬ್ಬರು ಒಂದು ಹೊತ್ತಿಗೆ ಒಂದೇ ಗುಂಪಿನಲ್ಲಿರಬಹುದಿತ್ತು. ಗುಂಪು ಬದಲಿಸಲು 'ನ್ಯೂಗ್ರೂಪ್' ಎಂಬ ಆಜ್ಞೆ ಕೊಡಬೇಕಿತ್ತು. 1983ರಲ್ಲಿ ಬರ್ಕ್‌ಲಿಯ ಯುನಿಕ್ಸ್ ಆವೃತ್ತಿ 4.2ಬಿಎಸ್‌ಡಿ ಬಂದ ಮೇಲೆ ಏಕಕಾಲಕ್ಕೆ ಹಲವು ಗುಂಪುಗಳ ಸದಸ್ಯತ್ವ ಸಾಧ್ಯವಾಯಿತು.

ಅಧಿಕಾರದ ಜಗಳವೂ ಈ ಪಟ್ಟಿಗಳ ಬೆನ್ನಿಗೇ ಬಂತು. ಬಿಎಸ್‌ಡಿಯಲ್ಲಿ 'ವ್ಹೀಲ್' ಗುಂಪಿನವರು ಮಾತ್ರ ಯಂತ್ರದ ಪರಮಾಧಿಕಾರಿಯಾಗಿ ಬದಲಾಗಬಹುದಿತ್ತು. ರಿಚರ್ಡ್ ಸ್ಟಾಲ್ಮನ್‌ಗೆ ಇದು ಒಪ್ಪಿಗೆಯಾಗಲಿಲ್ಲ. 1984ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಕೆಲವರು ಪಾಸ್‌ವರ್ಡ್ ಬದಲಿಸಿ ಮಿಕ್ಕವರನ್ನು ಹೊರಗಿಟ್ಟದ್ದನ್ನು ನೆನೆದು, ತಮ್ಮ ಗ್ನೂ ತಂತ್ರಾಂಶದ ಕೈಪಿಡಿಯಲ್ಲೇ ಅವರು ವ್ಹೀಲ್ ಗುಂಪಿಗೆ ಬೆಂಬಲವಿಲ್ಲವೆಂದು ಕಾರಣಸಹಿತ ಬರೆದರು. ಪ್ರಯೋಗಾಲಯವೊಂದರ ಮಟ್ಟಿಗೆ ಆ ನಿಲುವು ಉದಾರವಾದದ್ದೇ. ಆದರೆ ಇಡೀ ಜಗತ್ತು ನಂಬುವ ಯಂತ್ರಕ್ಕೆ ಅದು ಒಗ್ಗುವುದಿಲ್ಲ.

ಅಂಥ ಯಂತ್ರವೆಂದರೆ ಡಿಜಿಟಲ್ ಪ್ರಮಾಣಪತ್ರ ಕೊಡುವ ಸರ್ವರ್. ಬ್ರೌಸರಿಗೆ 'ಇದು ನಿಮ್ಮ ಬ್ಯಾಂಕೇ' ಎಂದು ಖಾತರಿ ಕೊಡುವ ಸಹಿ ಹುಟ್ಟುವುದು ಅಲ್ಲಿ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಇಂಥದ್ದೊಂದು ಸರ್ವರ್ ತಯಾರಿಸಿತು. ಕಂಪನಿ ಎಒಎಲ್ ಪಾಲಾಯಿತು. 2004ರಲ್ಲಿ ಆ ತಂತ್ರಾಂಶವನ್ನು ರೆಡ್ ಹ್ಯಾಟ್ ಕೊಂಡಿತು. 2008ರಲ್ಲಿ 'ಡಾಗ್‌ಟ್ಯಾಗ್' ಎಂಬ ಹೆಸರಿನಲ್ಲಿ ಅದರ ಮೂಲಸಂಕೇತ ಮುಕ್ತವಾಯಿತು. ಇಲ್ಲಿ ಸದಸ್ಯರ ಹೆಸರುಗಳಿರುವುದು ಸಾದಾ ಫೈಲಿನಲ್ಲಲ್ಲ, ಎಲ್‌ಡ್ಯಾಪ್ ಡೈರೆಕ್ಟರಿಯಲ್ಲಿ. ಗುಂಪುಗಳ ಕೆಲಸವೂ ಬೇರೆಬೇರೆ: ಬಳಕೆದಾರರನ್ನು ಸೇರಿಸಿ ತೆಗೆಯುವವರು ಆಡಳಿತಗಾರರು, ಪ್ರಮಾಣಪತ್ರದ ಅರ್ಜಿ ಮಂಜೂರು ಮಾಡುವವರು ಏಜೆಂಟರು, ಇಬ್ಬರ ಕೆಲಸದ ದಾಖಲೆ ಓದುವವರು ಆಡಿಟರ್‌ಗಳು.

ಮೊದಲು ಇದೆಲ್ಲ ಜಾವಾ ಕಿಟಕಿಗಳಲ್ಲಿ ಮೌಸ್ ಒತ್ತಿ ಮಾಡುವ ಕೆಲಸವಾಗಿತ್ತು. ಡಾಗ್‌ಟ್ಯಾಗ್‌ನ 10ನೇ ಆವೃತ್ತಿಯಿಂದ 'ಪಿಕೆಐ' ಎಂಬ ಕಮಾಂಡ್ ಬಳಕೆಗೆ ಬಂತು. ಆಡಳಿತಗಾರ ತನ್ನ ಪ್ರಮಾಣಪತ್ರ ತೋರಿಸಿ ಗುರುತು ಸಾಬೀತುಪಡಿಸಿ, 'ಸಿಎ-ಗ್ರೂಪ್-ಮೆಂಬರ್-ಆಡ್' ಎಂದು ಬರೆದು ಗುಂಪಿನ ಮತ್ತು ಸದಸ್ಯನ ಹೆಸರು ಕೊಟ್ಟರೆ ಸಾಕು. 'ಫೈಂಡ್' ಎಂದರೆ ಗುಂಪಿನಲ್ಲಿ ಯಾರಿದ್ದಾರೆಂದು ತಿಳಿಯುತ್ತದೆ, 'ಡೆಲ್' ಎಂದರೆ ಹೆಸರು ಹೊರಬೀಳುತ್ತದೆ. ಒಂದು ಸಾಲು ಬರೆಯುವಷ್ಟರಲ್ಲಿ ಒಬ್ಬ ವ್ಯಕ್ತಿಗೆ ಲೋಕ ನಂಬುವ ಸಹಿಯನ್ನು ಮಂಜೂರು ಮಾಡುವ ಹಕ್ಕು ಬರುತ್ತದೆ.

ಆ ಹಕ್ಕು ಒಂದೇ ಕೈಯಲ್ಲಿ ಕೂಡಿದರೆ ಏನಾಗುತ್ತದೆ ಎಂಬುದನ್ನು 2011ರಲ್ಲಿ ನೆದರ್‌ಲ್ಯಾಂಡ್ಸ್ ಕಂಡಿತು. ಡಿಜಿನೋಟಾರ್ ಎಂಬ ಪ್ರಮಾಣಪತ್ರ ಸಂಸ್ಥೆಯೊಳಗೆ ನುಗ್ಗಿದವರು ಗೂಗಲ್ ಸೇರಿದಂತೆ ಹಲವರ ಹೆಸರಿನಲ್ಲಿ 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಹೊರಡಿಸಿದರು. ಅವುಗಳಲ್ಲಿ ಒಂದನ್ನು ಬಳಸಿ ಇರಾನಿನ ಜನರ ಜಿಮೇಲ್ ಮೇಲೆ ಕಣ್ಣಿಡಲಾಯಿತು. ತನಿಖೆ ಮಾಡಿದ ಫಾಕ್ಸ್-ಐಟಿ ಬರೆದ ವರದಿಯ ಪ್ರಕಾರ, ಪ್ರಮಾಣಪತ್ರದ ಸರ್ವರ್‌ಗಳೆಲ್ಲ ಒಂದೇ ವಿಂಡೋಸ್ ಡೊಮೈನಿನಲ್ಲಿದ್ದವು. ಒಂದು ಬಳಕೆದಾರ ಹೆಸರು, ಒಂದು ದುರ್ಬಲ ಪಾಸ್‌ವರ್ಡ್ ಸಿಕ್ಕಿದ್ದೇ ಎಲ್ಲದಕ್ಕೂ ದಾರಿಯಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡಿಜಿನೋಟಾರ್ ದಿವಾಳಿಯಾಯಿತು.

ಅಧಿಕಾರ ಹಂಚಬೇಕೆಂಬ ತಿಳಿವಳಿಕೆ ಆಗ ಹೊಸದೇನಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2001ರಲ್ಲೇ ಇಂಥ ಸರ್ವರ್‌ಗಳಿಗೆ ಪಾತ್ರವಿಭಜನೆಯ ನಿಯಮಗಳನ್ನು ಬರೆದಿತ್ತು. ಆದರೂ ಡಾಗ್‌ಟ್ಯಾಗ್ ಸ್ಥಾಪಿಸಿದಾಗ ಮೊದಲ ಆಡಳಿತಗಾರನ ಹೆಸರು ತಾನಾಗಿ ಏಜೆಂಟರ ಪಟ್ಟಿಗೂ ಸೇರುತ್ತದೆ. ಹೊಸ ಸರ್ವರ್ ನಡೆಸಲು ಇದು ಅನುಕೂಲವೇನೋ ಸರಿ, ಅಲ್ಲಿಗೇ ಬಿಟ್ಟುಬಿಡುವುದು ಅಪಾಯ. 'ಮಲ್ಟಿರೋಲ್ಸ್' ಎಂಬ ಸೆಟ್ಟಿಂಗನ್ನು ಮುಚ್ಚಿದರೆ ಒಬ್ಬರೇ ಎರಡು ಮುಖ್ಯ ಗುಂಪುಗಳಿಗೆ ಸೇರುವುದನ್ನು ಸರ್ವರೇ ತಡೆಯುತ್ತದೆ. ಗುಂಪಿಗೆ ಯಾರನ್ನು ಸೇರಿಸಿದರೂ ತೆಗೆದರೂ ಆ ಬದಲಾವಣೆ 'ಕಾನ್ಫಿಗ್ ರೋಲ್' ಎಂಬ ಹೆಸರಿನಲ್ಲಿ ಆಡಿಟ್ ದಾಖಲೆಗೆ ಬೀಳುತ್ತದೆ. ಸಹಿ ಹಾಕುವಂತೆ ಹೊಂದಿಸಿದ್ದರೆ, ಆ ದಾಖಲೆಯನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎಂದು ಆಡಿಟರ್ ಪರೀಕ್ಷಿಸಬಹುದು.