ಕಿವಿಯಿಂದ ಓದುವ ಪಾಠ



ಬಸವೇಶ್ವರನಗರದ ಶಾಲೆಯೊಂದರಲ್ಲಿ ನಾನು ಓದುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಗೆಳೆಯ ಕೂರುತ್ತಿದ್ದ. ಮೇಷ್ಟ್ರು ಒಮ್ಮೆ ಹೇಳಿದ ಪಾಠವನ್ನು ಮನೆಗೆ ಹೋಗುವ ದಾರಿಯಲ್ಲಿ ನಮಗೆಲ್ಲ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಕೆಟ್ಟ ಟ್ರಾನ್ಸಿಸ್ಟರನ್ನು ಬಿಚ್ಚಿ ಸರಿಮಾಡುತ್ತಿದ್ದ. ಆದರೆ ಎದ್ದು ನಿಂತು ಪುಸ್ತಕ ಓದೆಂದರೆ ನಾಲ್ಕು ಸಾಲಿಗೆ ಬೆವರುತ್ತಿದ್ದ. ‘ಸೋಮಾರಿ’ ಎಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾವು ನಗುತ್ತಿದ್ದೆವು. ಹೈಸ್ಕೂಲು ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಅವನಿಗಿದ್ದ ತೊಂದರೆ ಏನೆಂದು ನಾನು ಈಗ ನಿರ್ಧರಿಸಿ ಹೇಳಲಾರೆ. ಪರೀಕ್ಷಿಸಿ ನೋಡಿದವರು ಯಾರೂ ಇರಲಿಲ್ಲ.

ಇಂಥದೇ ಒಬ್ಬ ಹುಡುಗನ ವಿವರ 1896ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿದೆ. ಬರೆದವರು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್. ಹದಿನಾಲ್ಕು ವರ್ಷದ ಪರ್ಸಿ ಚುರುಕು ಹುಡುಗ, ಲೆಕ್ಕದಲ್ಲಿ ಮುಂದು. ಆದರೂ ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದು, ತಪ್ಪಾದದ್ದು ತಿಳಿಯದೆ ಸುಮ್ಮನಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೆಲ್ಲ ಅವನೇ ಜಾಣನಾಗುತ್ತಿದ್ದ ಎಂಬುದು ಅವನ ಉಪಾಧ್ಯಾಯರ ಅಭಿಪ್ರಾಯ. ಮುಂದಿನ ಶತಮಾನದ ಯಂತ್ರಗಳು ಮಾಡಹೊರಟಿದ್ದು ಇದನ್ನೇ.

‘ಡಿಸ್‌ಲೆಕ್ಸಿಯಾ’ ಎಂಬ ಹೆಸರನ್ನು 1887ರಲ್ಲಿ ಜರ್ಮನಿಯ ರುಡಾಲ್ಫ್ ಬರ್ಲಿನ್ ಬಳಸಿದ್ದರು. ‘ಕಲಿಕಾ ನ್ಯೂನತೆ’ ಎಂಬ ಅರ್ಥದ ಪದವನ್ನು 1963ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಿರ್ಕ್ ಪ್ರಚಾರಕ್ಕೆ ತಂದರು. ಇದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಬರೆದ ಅಕ್ಷರವನ್ನೂ ಅದರ ಧ್ವನಿಯನ್ನೂ ಜೋಡಿಸುವ ಕೆಲಸ ಮಿದುಳಿಗೆ ಸಲೀಸಾಗುವುದಿಲ್ಲ, ಅಷ್ಟೇ.

‘ಕನ್ನಡ ಬರೆದಂತೆ ಓದುವ ಭಾಷೆ, ಇಲ್ಲಿ ಆ ತೊಂದರೆ ಎಲ್ಲಿಯದು?’ ಎಂದು ನೀವು ಕೇಳಬಹುದು. ‘ಸೂರ್ಯ’ ಎಂದು ಬರೆದು ನೋಡಿ. ಮೊದಲು ಉಚ್ಚರಿಸುವ ರಕಾರ ಅರ್ಕಾವೊತ್ತಾಗಿ ಯಕಾರದ ನಂತರ ಬರುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ದೀರ್ಘ ಸ್ವರ. ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’ ನಡುವೆ ಒಂದು ಗೀಟಿನ ಅಂತರ. ಗುಣಿತಾಕ್ಷರ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು.

ಇದಕ್ಕೆ ಬಂದ ಮೊದಲ ಉಪಕರಣ ನಮ್ಮದೇ: ಮರಳು. ಕೂಲಿಮಠದ ಮಕ್ಕಳು ಬಾಯಲ್ಲಿ ಹೇಳುತ್ತ, ಬೆರಳಿನಿಂದ ಮರಳಿನ ಮೇಲೆ ತಿದ್ದುತ್ತಿದ್ದರು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಈ ಪದ್ಧತಿಯನ್ನು ತಮ್ಮ ಶಾಲೆಗೆ ತಂದು, 1797ರಲ್ಲಿ ಆ ಪ್ರಯೋಗದ ಬಗ್ಗೆ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ದುಡಿಸುವ ಬೋಧನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಆನಾ ಗಿಲಿಂಗ್‌ಹ್ಯಾಮ್ ಮೊದಲಾದವರು ಇಂಥ ಮಕ್ಕಳಿಗಾಗಿಯೇ ರೂಪಿಸಿದರು.

ಮುಂದೆ ನಮ್ಮ ದೂರದರ್ಶನದ ಸರದಿ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಕಾರ್ಯಕ್ರಮಗಳು ಬಂದವು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಮಕ್ಕಳು ಕನ್ನಡದಲ್ಲಿ ಪಾಠ ನೋಡಿದರು. ಓದಲು ಕಷ್ಟಪಡುವ ಮಗುವಿಗೂ ಅದು ಅರ್ಥವಾಗುವಂತಿತ್ತು. ಆದರೆ ನಿರ್ಮಾಪಕನಾಗಿ ಒಂದು ಮಾತು ಒಪ್ಪಿಕೊಳ್ಳಬೇಕು: ಟಿ.ವಿ. ಎಲ್ಲರಿಗೂ ಒಂದೇ ವೇಗದಲ್ಲಿ ಮಾತಾಡುತ್ತದೆ. ‘ಇನ್ನೊಮ್ಮೆ ಹೇಳಿ’ ಎಂದರೆ ಅದಕ್ಕೆ ಕೇಳಿಸುವುದಿಲ್ಲ.

ಆ ಕೊರತೆ ನೀಗಿಸಿದ್ದು ಗಣಕಯಂತ್ರ. 1976ರಲ್ಲಿ ಅಮೆರಿಕದ ರೇ ಕರ್ಜ್‌ವೈಲ್ ಅಂಧರಿಗಾಗಿ ಓದುವ ಯಂತ್ರವನ್ನು ತಯಾರಿಸಿದರು. ಅದು ಪುಟದ ಚಿತ್ರ ತೆಗೆದು, ಅಕ್ಷರ ಗುರುತಿಸಿ, ಧ್ವನಿಯಾಗಿಸುತ್ತಿತ್ತು. ಅದೇ ತತ್ತ್ವ ಡಿಸ್‌ಲೆಕ್ಸಿಯಾ ಇರುವವರಿಗೂ ಒದಗಿತು. ಕನ್ನಡಕ್ಕಾಗಿ ಈ ಕೆಲಸ ನಡೆದದ್ದು ರಾಜಾಜಿನಗರಕ್ಕೆ ಅಷ್ಟೇನೂ ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡವನ್ನು ಗುರುತಿಸುವ ‘ಲಿಪಿ ಜ್ಞಾನಿ’ ತಂತ್ರಾಂಶವನ್ನೂ, ಕನ್ನಡವನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನೂ ರೂಪಿಸಿತು. ಈಗ ಸಾಮಾನ್ಯ ಮೊಬೈಲ್ ಕೂಡ ಕನ್ನಡ ಓದಿ ಹೇಳಬಲ್ಲದು. ನಿಲ್ಲಿಸಬಹುದು, ನಿಧಾನಿಸಬಹುದು, ಹತ್ತು ಸಲ ಕೇಳಬಹುದು, ಅದು ಗದರುವುದಿಲ್ಲ.

ಕಾನೂನು ತಡವಾಗಿ ಬಂತು. 1995ರ ಅಂಗವಿಕಲರ ಕಾಯಿದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯಿದೆ ಗುರುತಿಸಿದ 21 ನ್ಯೂನತೆಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಆದಷ್ಟು ಬೇಗ ಪತ್ತೆಹಚ್ಚಬೇಕು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂಥ ಅನುಕೂಲ ಮಾಡಿಕೊಡಬೇಕು ಎಂದು ಅದು ಹೇಳುತ್ತದೆ. ಪತ್ತೆಗೆ 2018ರ ಮಾರ್ಗಸೂಚಿ ಆರಿಸಿಕೊಂಡ ಪರೀಕ್ಷೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು.

ಆದರೆ ಯಂತ್ರವೂ ಕಾನೂನೂ ತಾವಾಗಿ ತರಗತಿಯೊಳಗೆ ಬರುವುದಿಲ್ಲ. ಮಗುವಿನ ತೊಂದರೆ ಮೊದಲು ಯಾರದಾದರೂ ಕಣ್ಣಿಗೆ ಬೀಳಬೇಕು, ಅದು ಸೋಮಾರಿತನವಲ್ಲ ಎಂದು ಅನ್ನಿಸಬೇಕು. ವಿಜಯನಗರದಲ್ಲಿರಲಿ, ಕೆಂಗೇರಿಯಲ್ಲಿರಲಿ, ನಿಮ್ಮ ತರಗತಿಯಲ್ಲೂ ಅಂಥವನೊಬ್ಬ, ಅಂಥವಳೊಬ್ಬಳು ಇರಬಹುದು. ಟೀಚರ್‌ಗೆ ಮೆಲ್ಲನೆ ತಿಳಿಸಿ. ಟಿಪ್ಪಣಿ ಹಂಚುವಾಗ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿದ್ದರೆ ಓದುವ ತಂತ್ರಾಂಶಕ್ಕೆ ಅರ್ಥವಾಗದು. ಅದೂ ಆಗದಿದ್ದರೆ, ಪಕ್ಕದಲ್ಲಿ ಕುಳಿತು ಒಂದು ಪುಟ ಗಟ್ಟಿಯಾಗಿ ಓದಿ ಹೇಳಿ. ನನ್ನ ಗೆಳೆಯನಿಗೆ ನಾನು ಅಷ್ಟನ್ನು ಮಾಡಬಹುದಿತ್ತು.